ಹಳೆಯ ಕಾರಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ತೆಗೆದು ಮ್ಯಾನುಯಲ್ ಕೂಡಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯ ಗೋಕುಲ ರಸ್ತೆಯ ಆಸುಪಾಸಿನ ನಮ್ಮ ಗ್ಯಾರೇಜಿಗೆ ಧಾರವಾಡ, ಗದಗ, ಹಾವೇರಿ ಕಡೆಯಿಂದ ಹಳೆಯ ಕಾರುಗಳನ್ನು ತರುವವರು ಈ ವಿಷಯದಲ್ಲಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಸೇರಿಸಿದ್ದೇವೆ. ನಮ್ಮ ಅನುಭವ ಹೆಚ್ಚಾಗಿ ಮರ್ಸಿಡಿಸ್ ಡಬ್ಲ್ಯೂ 123 ಸಾಲಿನ (240ಡಿ, 300ಡಿ ಇತ್ಯಾದಿ) ಕಾರುಗಳದ್ದು ಮತ್ತು ಒಂದೆರಡು ಅಮೆರಿಕನ್ ಕಾರುಗಳದ್ದು. ಉದಾಹರಣೆಗಳೂ ಅವುಗಳಿಂದಲೇ ಬಂದಿವೆ.

ಪ್ರಶ್ನೆ: ನನ್ನ ಕಾರಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೆಟ್ಟಿದೆ. ಮ್ಯಾನುಯಲ್‌ಗೆ ಬದಲಿಸುವುದೇ ಸರಿಯಲ್ಲವೇ?

ಮೊದಲು ಅದು ನಿಜವಾಗಿಯೂ ಕೆಟ್ಟಿದೆಯೇ ಎಂಬುದನ್ನು ನೋಡಬೇಕು. ಗದಗದಿಂದ ಬಂದ ಒಂದು 300ಡಿ ಕಾರು ಪ್ರತಿ ಗೇರಿಗೂ ಹಿಂದಿನಿಂದ ಯಾರೋ ಒದ್ದಂತೆ ಜಗ್ಗುತ್ತಿತ್ತು. ಅಲ್ಲಿಯ ಮಿಸ್ತ್ರಿ "ಡಬ್ಬಿ ಹೋಗೇತ್ರಿ ಸಾಹೇಬ್ರ, ಇದನ್ನ ತಗದು ಕ್ಲಚ್ಚಿಂದು ಹಾಕೋಣು" ಎಂದು ತೀರ್ಪು ಕೊಟ್ಟಾಗಿತ್ತು. ನಾವು ನೋಡಿದಾಗ ಎಂಜಿನ್ನಿನ ವ್ಯಾಕ್ಯೂಮ್ ಪಂಪಿನಿಂದ ಗೇರ್‌ಬಾಕ್ಸಿಗೆ ಹೋಗುವ ಸಣ್ಣ ಕೊಳವೆಯ ರಬ್ಬರ್ ಕೀಲು ಒಣಗಿ ಬಿರಿದಿತ್ತು, ಅಷ್ಟೇ. ಈ ಡೀಸೆಲ್ ಕಾರುಗಳಲ್ಲಿ ಗೇರ್ ಎಷ್ಟು ಮೆತ್ತಗೆ ಬೀಳಬೇಕು ಎಂಬುದನ್ನು ನಿರ್ಧರಿಸುವುದು ಆ ವ್ಯಾಕ್ಯೂಮ್. ಅದು ಸೋರಿದರೆ ಗೇರ್‌ಬಾಕ್ಸ್ ಎಂಜಿನ್ನಿನ ಮೇಲೆ ಪೂರ್ತಿ ಭಾರವಿದೆ ಎಂದು ತಿಳಿದು ಒತ್ತಡ ಏರಿಸಿ, ಪ್ರತಿ ಬದಲಾವಣೆಯಲ್ಲೂ ಧಕ್ಕೆ ಕೊಡುತ್ತದೆ.

ಆದ್ದರಿಂದ ಪಾನಾ ಹಿಡಿಯುವ ಮೊದಲು ಕಾರನ್ನು ಚೆನ್ನಾಗಿ ಓಡಿಸಿ ಎಣ್ಣೆ ಬಿಸಿಯಾದ ಮೇಲೆ, ಸಮತಟ್ಟಾದ ಜಾಗದಲ್ಲಿ ಎಂಜಿನ್ ಚಾಲೂ ಇಟ್ಟು, ಲಿವರನ್ನು ಪಾರ್ಕ್‌ನಲ್ಲಿಟ್ಟು ಎಣ್ಣೆಯ ಮಟ್ಟ ನೋಡಬೇಕು. ಎಂಜಿನ್ ಬಂದ್ ಮಾಡಿ ನೋಡಿದರೆ ಮಟ್ಟ ತಪ್ಪು ತೋರಿಸುತ್ತದೆ. ನಮ್ಮ ಭಾಗದಲ್ಲಿ ಈ ತಪ್ಪಿನಿಂದಲೇ ಎಷ್ಟೋ ಗೇರ್‌ಬಾಕ್ಸ್‌ಗಳು ಎಣ್ಣೆ ಕಡಿಮೆಯಾಗಿ ಸುಟ್ಟಿವೆ. ಎಣ್ಣೆ ಕೆಂಪಗಿದ್ದರೆ ಆಸೆ ಇದೆ. ಕಪ್ಪಾಗಿ ಸೀದ ವಾಸನೆ ಬರುತ್ತಿದ್ದು, ಬಿಸಿಯಾದ ಮೇಲೆ ಎಂಜಿನ್ ಕೂಗಿದರೂ ಕಾರು ಮುಂದೆ ಹೋಗದಿದ್ದರೆ ಒಳಗಿನ ಕ್ಲಚ್ ತಟ್ಟೆಗಳು ಸವೆದಿವೆ ಎಂದೇ ಅರ್ಥ. ಬದಲಾವಣೆಯ ಮಾತು ಅಲ್ಲಿಂದ ಶುರುವಾಗಲಿ.

ಪ್ರಶ್ನೆ: ಹಾಗಾದರೆ ಯಾವ ಕಾರಿಗೆ ಈ ಬದಲಾವಣೆ ನಿಜವಾಗಿ ಒಪ್ಪುತ್ತದೆ?

ಎಂಜಿನ್ನಿನ ಶಕ್ತಿ ಕಡಿಮೆ ಇದ್ದು ಆಟೋಮ್ಯಾಟಿಕ್ ಅದರಲ್ಲಿ ಪಾಲು ಕೇಳುತ್ತಿರುವ ಕಾರಿಗೆ ಒಪ್ಪುತ್ತದೆ. 240ಡಿ ಕಾರಿನ ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್ ಮೊದಲು 65 ಅಶ್ವಶಕ್ತಿಯದ್ದಾಗಿತ್ತು, 1978ರ ನಂತರ 72 ಆಯಿತು. ಸುಮಾರು ಒಂದೂವರೆ ಟನ್ ತೂಗುವ ಕಾರಿಗೆ ಇದು ಮೊದಲೇ ಸಾಲದು. ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರಿನ ಜಾರುವಿಕೆಯಲ್ಲಿ ಇನ್ನಷ್ಟು ಕಳೆದುಹೋದರೆ ಧಾರವಾಡದ ಏರುಗಳಲ್ಲಿ ಚಿಗರಿ ಬಸ್ಸು ನಮ್ಮನ್ನು ದಾಟಿ ಹೋಗುವುದನ್ನು ನೋಡುತ್ತ ಕೂಡಬೇಕಾಗುತ್ತದೆ. ಹಳೆಯ ಷೆವರ್ಲೆ ಕಾರುಗಳಲ್ಲಿನ ಪವರ್‌ಗ್ಲೈಡ್ ಗೇರ್‌ಬಾಕ್ಸಿಗೆ ಇರುವುದೇ ಎರಡು ಗೇರು. ಅಂಥ ಕಾರಿಗೆ ನಾಲ್ಕು ಅಥವಾ ಐದು ಗೇರಿನ ಮ್ಯಾನುಯಲ್ ಕೂಡಿಸಿದರೆ ಓಡಿಸುವ ಅನುಭವವೇ ಬೇರೆಯಾಗುತ್ತದೆ.

ದೊಡ್ಡ ಎಂಜಿನ್ನಿನ, ಆರಾಮಕ್ಕೆಂದೇ ಮಾಡಿದ, ಆಟೋಮ್ಯಾಟಿಕ್ ಆರೋಗ್ಯವಾಗಿರುವ ಕಾರನ್ನು ಬದಲಿಸಬೇಡಿ ಎಂದೇ ನಾವು ಹೇಳುತ್ತೇವೆ. ಮೊಣಕಾಲು ನೋವಿರುವವರಿಗೂ ಅದೇ ಮಾತು: ಹುಬ್ಬಳ್ಳಿಯ ಚೆನ್ನಮ್ಮ ವೃತ್ತದ ಸಂಜೆಯ ದಟ್ಟಣೆಯಲ್ಲಿ ಹಳೆಯ ಕ್ಲಚ್ ಒತ್ತುವುದು ಸುಖದ ಕೆಲಸವಲ್ಲ.

ಪ್ರಶ್ನೆ: ಗೇರ್‌ಬಾಕ್ಸ್ ಒಂದನ್ನು ತಂದರೆ ಸಾಕೇ? ಇನ್ನೇನು ಬೇಕಾಗುತ್ತದೆ?

ಸಾಲದು. ಈ ಕೆಲಸದಲ್ಲಿ ಸೋತವರು ಬಹುಪಾಲು ಇಲ್ಲಿಯೇ ಸೋತಿದ್ದಾರೆ. ಆಟೋಮ್ಯಾಟಿಕ್ ಕಾರಿನಲ್ಲಿ ಎಂಜಿನ್ನಿನ ಹಿಂಬದಿಗೆ ತೆಳುವಾದ ಒಂದು ತಟ್ಟೆ, ಅದಕ್ಕೆ ಟಾರ್ಕ್ ಕನ್ವರ್ಟರ್ ಇರುತ್ತದೆ. ಅವೆರಡೂ ಹೋಗಿ ಆ ಜಾಗಕ್ಕೆ ಫ್ಲೈವೀಲ್ ಎಂಬ ಭಾರವಾದ ಚಕ್ರ, ಅದರ ಬೋಲ್ಟುಗಳು, ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್, ಅದನ್ನು ತಳ್ಳುವ ಫೋರ್ಕ್ ಮತ್ತು ಬೆಲ್ ಹೌಸಿಂಗ್ ಬರಬೇಕು. ಒಳಗೆ ಮೂರು ಪೆಡಲುಗಳ ಚೌಕಟ್ಟು, ಕ್ಲಚ್ಚಿನ ಮಾಸ್ಟರ್ ಮತ್ತು ಸ್ಲೇವ್ ಸಿಲಿಂಡರುಗಳು, ಅವುಗಳ ನಡುವಿನ ಪೈಪು ಬೇಕು. ಅಗಲವಾದ ಬ್ರೇಕ್ ಪೆಡಲಿನ ಬದಲು ಕಿರಿದಾದದ್ದು ಬೇಕು. ಇಲ್ಲದಿದ್ದರೆ ಕ್ಲಚ್ ಒತ್ತಲು ಹೋದ ಎಡಗಾಲು ಬ್ರೇಕಿನ ಮೇಲೆ ಬೀಳುತ್ತದೆ. ಕೆಳಗೆ ಗೇರ್‌ಬಾಕ್ಸ್ ಹೊರುವ ಅಡ್ಡಪಟ್ಟಿ, ಅದರ ರಬ್ಬರ್ ಮೌಂಟ್, ಸರಿಯಾದ ಉದ್ದದ ಪ್ರೊಪೆಲ್ಲರ್ ಶಾಫ್ಟ್, ಗೇರ್ ಲಿವರ್ ಮತ್ತು ಅದರ ಸರಳುಗಳು, ಸ್ಪೀಡೋಮೀಟರ್ ಕೇಬಲ್, ರಿವರ್ಸ್ ದೀಪದ ಸ್ವಿಚ್ ಬೇಕು.

ಇವೆಲ್ಲವೂ ಒಂದೇ ಕಾರಿನಿಂದ, ಅಂದರೆ ಅದೇ ಮಾದರಿಯ ಮ್ಯಾನುಯಲ್ ಕಾರಿನಿಂದ, ಬೋಲ್ಟುಗಳ ಸಮೇತ ಬಂದರೆ ಅರ್ಧ ಕೆಲಸ ಮುಗಿದಂತೆ. ನಾಲ್ಕು ಊರಿನಿಂದ ನಾಲ್ಕು ಭಾಗ ತಂದವರ ಕಾರು ಗ್ಯಾರೇಜಿನ ಮೂಲೆಯಲ್ಲಿ ಧೂಳು ತಿನ್ನುವುದನ್ನು ನಾವು ಕಂಡಿದ್ದೇವೆ.

ಪ್ರಶ್ನೆ: ಅಂಥ ಭಾಗಗಳು ಎಲ್ಲಿ ಸಿಗುತ್ತವೆ?

ಬೆಂಗಳೂರಿನ ಶಿವಾಜಿನಗರದ ಗುಜರಿ, ಮುಂಬೈಯ ಕುರ್ಲಾ, ಚೆನ್ನೈನ ಪುದುಪೇಟೆ, ದೆಹಲಿಯ ಮಾಯಾಪುರಿ: ಹುಡುಕುವವರು ಸುತ್ತುವ ಜಾಗಗಳು ಇವೇ. ಹುಬ್ಬಳ್ಳಿಯವರಿಗೆ ಮುಂಬೈ ಮತ್ತು ಬೆಂಗಳೂರು ಎರಡೂ ಒಂದು ರಾತ್ರಿಯ ಪ್ರಯಾಣವಾದ್ದರಿಂದ ಫೋಟೋ ನೋಡಿ ಹಣ ಕಳಿಸುವ ಬದಲು ಹೋಗಿ, ಕೈಯಿಂದ ಶಾಫ್ಟ್ ತಿರುಗಿಸಿ ನೋಡಿ, ಪ್ರತಿ ಗೇರಿಗೂ ಹಾಕಿ ತೆಗೆದು, ಎಣ್ಣೆಯ ಪ್ಲಗ್ ಬಿಚ್ಚಿ ಅದರ ತುದಿಯಲ್ಲಿ ಲೋಹದ ಪುಡಿ ಅಂಟಿದೆಯೇ ಎಂದು ಪರೀಕ್ಷಿಸಿ ಕೊಳ್ಳುವುದು ಲೇಸು.

ಪ್ರಶ್ನೆ: ಟ್ರ್ಯಾಕ್ಸ್ ಅಥವಾ ಟೆಂಪೋ ಟ್ರಾವೆಲರಿನ ಗೇರ್‌ಬಾಕ್ಸ್ 240ಡಿಗೆ ಕೂಡುತ್ತದೆ ಎನ್ನುತ್ತಾರೆ. ನಿಜವೇ?

ಈ ಮಾತಿಗೆ ಆಧಾರವಿದೆ. 240ಡಿ ಕಾರಿನ ಓಎಂ 616 ಎಂಜಿನ್ನನ್ನೇ ಬಜಾಜ್ ಟೆಂಪೋ, ಅಂದರೆ ಈಗಿನ ಫೋರ್ಸ್ ಮೋಟಾರ್ಸ್, ಮರ್ಸಿಡಿಸ್‌ನಿಂದ ಪರವಾನಗಿ ಪಡೆದು ನಮ್ಮ ದೇಶದಲ್ಲಿ ತಯಾರಿಸಿ ಟ್ರ್ಯಾಕ್ಸ್ ಮತ್ತು ಟ್ರಾವೆಲರ್ ಗಾಡಿಗಳಿಗೆ ಹಾಕಿತು. ಹೀಗಾಗಿ ಹಾವೇರಿಯಿಂದ ಹಾನಗಲ್ಲಿಗೆ ಜನ ತುಂಬಿಕೊಂಡು ಓಡಿದ ಟ್ರ್ಯಾಕ್ಸಿಗೂ ಜರ್ಮನಿಯಿಂದ ಬಂದ ಕಾರಿಗೂ ಎಂಜಿನ್ನಿನ ಮೂಲ ಒಂದೇ. ಎಂಜಿನ್ನಿನ ಬಿಡಿಭಾಗಗಳ ಮಟ್ಟಿಗೆ ಇದು ನಮಗೆ ದೊಡ್ಡ ಅನುಕೂಲ.

ಆದರೆ ಎಂಜಿನ್ ಒಂದೇ ಮೂಲದ್ದಾದ ಮಾತ್ರಕ್ಕೆ ಅದರ ಹಿಂದಿನದೆಲ್ಲ ಹೊಂದುತ್ತದೆ ಎಂದು ಎಣಿಸಬಾರದು. ಲಿವರ್ ಎಲ್ಲಿ ಮೇಲೆ ಬರುತ್ತದೆ, ಬೆಲ್ ಹೌಸಿಂಗಿನ ಆಳ ಎಷ್ಟು, ಸ್ಟಾರ್ಟರ್ ಯಾವ ಬದಿಗೆ ಕೂಡುತ್ತದೆ, ಫ್ಲೈವೀಲಿನ ಹಲ್ಲುಗಳು ಎಷ್ಟು, ಹಿಂದಿನ ಶಾಫ್ಟಿನ ತುದಿ ಯಾವ ಬಗೆಯದು ಎಂಬುದನ್ನೆಲ್ಲ ಅಳೆದೇ ತಿಳಿಯಬೇಕು. ಇನ್ನೊಂದು ಅಡಚಣೆ ಗೇರಿನ ಪ್ರಮಾಣದ್ದು. ಹದಿನೈದು ಜನರನ್ನು ಹೊತ್ತು ಏರು ಹತ್ತುವ ಗಾಡಿಯ ಮೊದಲ ಗೇರು ಬಹಳ ಕೆಳಗಿನದಾಗಿರುತ್ತದೆ. ಕಾರಿನಲ್ಲಿ ಅದನ್ನು ಹಾಕಿದರೆ ಕಾರು ಅಲುಗುವಷ್ಟರಲ್ಲೇ ಎರಡನೆಯದಕ್ಕೆ ಹೋಗಬೇಕಾಗುತ್ತದೆ. ಕಾರಿನದೇ ಗೇರ್‌ಬಾಕ್ಸ್ ಸಿಗುವ ಆಸೆ ಪೂರ್ತಿ ಕೈಬಿಟ್ಟ ಮೇಲೆಯೇ ನಾವು ಈ ದಾರಿ ಹಿಡಿಯುತ್ತೇವೆ.

ಪ್ರಶ್ನೆ: ಫ್ಲೈವೀಲ್ ವಿಷಯದಲ್ಲಿ ಇಷ್ಟೊಂದು ಎಚ್ಚರಿಕೆ ಏಕೆ?

ಏಕೆಂದರೆ ಅದು ಎಂಜಿನ್ನಿನ ಸಮತೋಲನದ ಭಾಗ. ಕೆಲವು ಎಂಜಿನ್ನುಗಳು ತಮ್ಮಷ್ಟಕ್ಕೆ ಒಳಗೇ ಸಮತೋಲನಗೊಂಡಿರುತ್ತವೆ, ಅವಕ್ಕೆ ಸಮವಾಗಿ ತೂಗುವ ಯಾವ ಫ್ಲೈವೀಲಾದರೂ ನಡೆಯುತ್ತದೆ. ಇನ್ನು ಕೆಲವಕ್ಕೆ ಹಿಂದಿನ ತಟ್ಟೆಯಲ್ಲಿಯೇ ಬೇಕೆಂದು ಒಂದು ಬದಿಗೆ ತೂಕ ಇಟ್ಟಿರುತ್ತಾರೆ. ಷೆವರ್ಲೆಯ 400 ಘನ ಅಂಗುಲದ ಎಂಜಿನ್ ಇಂಥದ್ದು. ಅದಕ್ಕೆ ಸಾದಾ ಫ್ಲೈವೀಲ್ ಕೂಡಿಸಿದರೆ ನಡುಕ ಹಿಡಿದು ಕೊನೆಗೆ ಬೇರಿಂಗುಗಳೇ ಹೋಗುತ್ತವೆ. ಮರ್ಸಿಡಿಸ್‌ನ ಐದು ಸಿಲಿಂಡರಿನ ಡೀಸೆಲ್ಲಿನಲ್ಲಿ, ತೆಗೆದ ಹಳೆಯ ತಟ್ಟೆ ಮತ್ತು ಕೂಡಿಸಬೇಕಾದ ಫ್ಲೈವೀಲ್ ಎರಡನ್ನೂ ಬ್ಯಾಲೆನ್ಸಿಂಗ್ ಮಾಡುವವರ ಬಳಿ ಒಯ್ದು, ಹಳೆಯದರ ತೂಕ ಎಲ್ಲಿದೆಯೋ ಹೊಸದರದ್ದೂ ಅಲ್ಲಿಗೇ ಬರುವಂತೆ ಹೊಂದಿಸಬೇಕು. ಅದಕ್ಕಾಗಿ ಬಿಚ್ಚುವ ಮೊದಲೇ ಕ್ರ್ಯಾಂಕಿನ (ಎಂಜಿನ್ನಿನ ತಿರುಗುವ ಮುಖ್ಯ ಶಾಫ್ಟಿನ) ಮೇಲೂ ತಟ್ಟೆಯ ಮೇಲೂ ಗುರುತು ಹಾಕಿಕೊಳ್ಳಿ. ಅದರ ಬೋಲ್ಟುಗಳು ಬಿಗಿಯುವಾಗ ಹಿಗ್ಗುವ ಜಾತಿಯವು. ಹಳೆಯವನ್ನೇ ಮತ್ತೆ ಬಿಗಿಯಬಾರದು. ತಟ್ಟೆಯ ಬೋಲ್ಟುಗಳು ಫ್ಲೈವೀಲಿಗೆ ಉದ್ದದಲ್ಲಿಯೂ ಹೊಂದುವುದಿಲ್ಲ.

ಪ್ರಶ್ನೆ: ಎಲ್ಲ ಕೂಡಿಸಿದ ಮೇಲೆ ಕ್ಲಚ್ ಒತ್ತಿದರೂ ಗೇರ್ ಬೀಳುತ್ತಿಲ್ಲ, ಕರಕರ ಸದ್ದು ಬರುತ್ತಿದೆ. ಏನಾಗಿರಬಹುದು?

ಮೊದಲು ಸಂಶಯಪಡಬೇಕಾದದ್ದು ಪೈಲಟ್ ಬೇರಿಂಗ್. ಮ್ಯಾನುಯಲ್ ಗೇರ್‌ಬಾಕ್ಸಿನ ಮುಂದಿನ ಶಾಫ್ಟಿನ ತುದಿ ಕ್ರ್ಯಾಂಕಿನ ಹಿಂದಿನ ಕುಳಿಯಲ್ಲಿರುವ ಈ ಸಣ್ಣ ಬೇರಿಂಗಿನಲ್ಲಿ ಕೂಡುತ್ತದೆ. ಆಟೋಮ್ಯಾಟಿಕ್ ಕಾರಿಗೆ ಅದರ ಅಗತ್ಯವಿಲ್ಲದ್ದರಿಂದ ಕಾರ್ಖಾನೆಯಲ್ಲಿ ಕೂಡಿಸಿರುವುದಿಲ್ಲ, ಕೆಲವು ಎಂಜಿನ್ನುಗಳಲ್ಲಿ ಆ ಕುಳಿಯನ್ನು ಪೂರ್ತಿ ಕೊರೆದೂ ಇರುವುದಿಲ್ಲ. ನಾವು ಮಾಡಿದ ಮೊದಲ ಕಾರಿನಲ್ಲಿ ಅದನ್ನು ಹಾಕುವುದನ್ನೇ ಮರೆತಿದ್ದೆವು. ಮೂರು ದಿನದ ಕೆಲಸ ಮುಗಿಸಿ, ಚಹಾ ತರಿಸಿ, ಮೊದಲ ಬಾರಿ ಕ್ಲಚ್ ಒತ್ತಿದಾಗ ಬಂದ ಸದ್ದು ಕೇಳಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಮರುದಿನ ಗೇರ್‌ಬಾಕ್ಸ್ ಮತ್ತೆ ನೆಲಕ್ಕಿಳಿಯಿತು. ಅಂಗೈಯಲ್ಲಿ ಮುಚ್ಚಿಕೊಳ್ಳಬಹುದಾದ ಆ ಬೇರಿಂಗನ್ನು ಈಗ ನಾವು ಎಲ್ಲಕ್ಕಿಂತ ಮೊದಲು ಕೊಂಡು ಮೇಜಿನ ಮೇಲೆ ಇಡುತ್ತೇವೆ.

ಬೇರಿಂಗ್ ಇದ್ದೂ ತೊಂದರೆಯಾದರೆ ಹೈಡ್ರಾಲಿಕ್ ಪೈಪಿನಲ್ಲಿ ಗಾಳಿ ಉಳಿದಿರಬಹುದು, ಕ್ಲಚ್ ಪ್ಲೇಟ್ ಹಿಂದುಮುಂದಾಗಿ ಕೂತಿರಬಹುದು, ಅಥವಾ ಪೆಡಲ್ ಕೂಡಿಸಿದ ಜಾಗದ ತಗಡು ತೆಳುವಾಗಿದ್ದು ಒತ್ತಿದಾಗ ಅದೇ ಬಾಗುತ್ತಿರಬಹುದು. ಈ ಕೊನೆಯದನ್ನು ಕಂಡುಹಿಡಿಯಲು ಒಬ್ಬರು ಪೆಡಲ್ ಒತ್ತಿ, ಇನ್ನೊಬ್ಬರು ಬಾನೆಟ್ ಎತ್ತಿ ಮಾಸ್ಟರ್ ಸಿಲಿಂಡರ್ ಅಲುಗುವುದೇ ಎಂದು ನೋಡಿದರೆ ಸಾಕು. ಅಲುಗಿದರೆ ಒಳಬದಿಗೆ ಗಟ್ಟಿ ತಗಡಿನ ಆಸರೆ ಕೊಡಬೇಕು.

ಬೇರೆ ಬೆಲ್ ಹೌಸಿಂಗ್ ಅಥವಾ ಲೇಥಿನಲ್ಲಿ ಮಾಡಿಸಿದ ಅಡಾಪ್ಟರ್ ಪ್ಲೇಟ್ ಬಳಸಿದ್ದರೆ ಅದರ ನಡುವಿನ ತೂತು ಕ್ರ್ಯಾಂಕಿನ ಕೇಂದ್ರಕ್ಕೆ ಸರಿಯಾಗಿ ಬರುವುದೇ ಎಂಬುದನ್ನು ಡಯಲ್ ಗೇಜಿನಿಂದ ಅಳೆಯಬೇಕು. ಒಂದು ಸುತ್ತಿನಲ್ಲಿ ಮುಳ್ಳು ಒಟ್ಟು 0.13 ಮಿ.ಮೀ.ಗಿಂತ, ಅಂದರೆ ಅಂಗುಲದ ಸಾವಿರದ ಐದು ಭಾಗಕ್ಕಿಂತ ಹೆಚ್ಚು ಆಡಬಾರದು ಎಂಬುದು ವಾಡಿಕೆಯ ಮಿತಿ. ಕಣ್ಣಂದಾಜು ಇಲ್ಲಿ ನಡೆಯುವುದಿಲ್ಲ. ನಮ್ಮ ಕೈಗಾರಿಕಾ ವಸಾಹತುಗಳಲ್ಲಿ ಈ ಕೆಲಸ ಬಲ್ಲ ಲೇಥಿನವರು ಇದ್ದಾರೆ, ಆದರೆ ಏತಕ್ಕಾಗಿ ಎಂಬುದನ್ನು ಅವರಿಗೆ ಬಿಡಿಸಿ ಹೇಳಬೇಕು. ಇಲ್ಲದಿದ್ದರೆ ಪಂಪ್‌ಸೆಟ್ಟಿನ ಫ್ಲಾಂಜಿಗೆ ಇಟ್ಟ ಅಳತೆಯನ್ನೇ ಇದಕ್ಕೂ ಇಡುತ್ತಾರೆ.

ಪ್ರಶ್ನೆ: ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇಳಿಸುವಾಗ ಏನು ನೋಡಿಕೊಳ್ಳಬೇಕು?

ಟಾರ್ಕ್ ಕನ್ವರ್ಟರನ್ನು ಮೊದಲು ತಟ್ಟೆಯಿಂದ ಬಿಡಿಸಿ, ಗೇರ್‌ಬಾಕ್ಸಿನೊಂದಿಗೇ ಹಿಂದಕ್ಕೆ ಎಳೆದು ಒಟ್ಟಿಗೆ ಇಳಿಸಬೇಕು. ಅದರೊಳಗೆ ಹಲವು ಲೀಟರ್ ಎಣ್ಣೆ ಉಳಿದಿರುತ್ತದೆ. ಮರ್ಸಿಡಿಸ್‌ನಲ್ಲಿ ಅದಕ್ಕೇ ಒಂದು ಪ್ಲಗ್ ಕೊಟ್ಟಿದ್ದಾರೆ. ಇದು ಇಬ್ಬರು ಹುಡುಗರು ಎದೆಯ ಮೇಲೆ ಹೊತ್ತು ಇಳಿಸುವ ವಸ್ತುವಲ್ಲ, ಗೇರ್‌ಬಾಕ್ಸ್ ಜ್ಯಾಕ್ ಬೇಕೇಬೇಕು. ನವಲಗುಂದ, ಗದಗ ಕಡೆಯ ಎರೆಮಣ್ಣಿನಲ್ಲಿ ಓಡಿದ ಕಾರಾದರೆ ಮುಂಚಿನ ದಿನವೇ ತಳವನ್ನು ತೊಳೆಸಿ. ಒಣಗಿದ ಎರೆಮಣ್ಣು ಬೋಲ್ಟಿನ ತಲೆ ಎಲ್ಲಿದೆ ಎಂಬುದನ್ನೂ ಮುಚ್ಚಿರುತ್ತದೆ, ಅಳತೆಯನ್ನೂ ಕೆಡಿಸುತ್ತದೆ.

ಪ್ರಶ್ನೆ: ತಂತಿ, ಕೊಳವೆಗಳ ಕೆಲಸ ಏನಿರುತ್ತದೆ?

ಆಟೋಮ್ಯಾಟಿಕ್ ಕಾರು ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿ ಮಾತ್ರ ಚಾಲೂ ಆಗುವಂತೆ ಒಂದು ಸ್ವಿಚ್ ಇರುತ್ತದೆ. ಅದನ್ನು ತೆಗೆದ ಮೇಲೆ ಆ ಎರಡು ತಂತಿಗಳನ್ನು ಕೂಡಿಸದಿದ್ದರೆ ಸ್ಟಾರ್ಟರ್ ತಿರುಗುವುದಿಲ್ಲ. ಬರೀ ಕೂಡಿಸುವುದಕ್ಕಿಂತ ಕ್ಲಚ್ ಪೆಡಲಿಗೆ ಒಂದು ಸ್ವಿಚ್ ಕೊಟ್ಟು ಅದರ ಮೂಲಕ ಹಾಯಿಸುವುದು ಹೆಚ್ಚು ಸುರಕ್ಷಿತ, ಏಕೆಂದರೆ ಗೇರಿನಲ್ಲಿ ನಿಂತ ಕಾರಿಗೆ ಮನೆಯ ಹುಡುಗರು ಕೀಲಿ ತಿರುಗಿಸುವುದು ಹೊಸದಲ್ಲ.

ಗೇರ್‌ಬಾಕ್ಸಿನ ಎಣ್ಣೆ ತಣಿಸಲು ರೇಡಿಯೇಟರಿಗೆ ಹೋಗುತ್ತಿದ್ದ ಎರಡು ಪೈಪುಗಳನ್ನು ತೆಗೆದು, ರೇಡಿಯೇಟರಿನ ಬಾಯಿಗಳಿಗೆ ಧೂಳು ಹೋಗದಂತೆ ಮುಚ್ಚಳ ಹಾಕಿದರೆ ಸಾಕು. ರೇಡಿಯೇಟರ್ ಬದಲಿಸಬೇಕಿಲ್ಲ. ಹಳೆಯ ಮರ್ಸಿಡಿಸ್ ಡೀಸೆಲ್ಲಿನಲ್ಲಿ ವ್ಯಾಕ್ಯೂಮ್ ಕೊಳವೆಯನ್ನು ಮಾತ್ರ ಗಟ್ಟಿಯಾಗಿ ಮುಚ್ಚಬೇಕು. ಆ ಎಂಜಿನ್ ನಿಲ್ಲುವುದೂ ವ್ಯಾಕ್ಯೂಮಿನಿಂದಲೇ; ಕೊಳವೆ ತೆರೆದಿದ್ದರೆ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡರೂ ಎಂಜಿನ್ ಗುಡುಗುಡು ಎನ್ನುತ್ತಲೇ ಇರುತ್ತದೆ. ಅದೇ ಕಾರಿನಲ್ಲಿ ಕ್ಲಚ್ಚಿನ ಎಣ್ಣೆ ಬ್ರೇಕಿನ ಡಬ್ಬಿಯಿಂದಲೇ ಬರುವಂತಿದ್ದು, ಅದಕ್ಕೆ ಹೊಂದುವ ಬಾಯಿ ಇರುವ ಡಬ್ಬಿ ಬೇಕಾಗುತ್ತದೆ.

1990ರ ದಶಕದ ನಂತರದ ಕಾರುಗಳಲ್ಲಿ, ಉದಾಹರಣೆಗೆ ಆಟೋಮ್ಯಾಟಿಕ್ ಹೋಂಡಾ ಸಿಟಿಯಲ್ಲಿ, ಕಂಪ್ಯೂಟರ್ ಪೆಟ್ಟಿಗೆಯೂ ಗೇರ್‌ಬಾಕ್ಸಿನಿಂದ ಸಂಕೇತ ಬಯಸುತ್ತದೆ. ಅವಕ್ಕೆ ಮ್ಯಾನುಯಲ್ ಕಾರಿನ ಪೆಟ್ಟಿಗೆ, ತಂತಿಗಳ ಕಟ್ಟು, ಡ್ರೈವ್‌ಶಾಫ್ಟ್ ಎಲ್ಲವನ್ನೂ ಸೇರಿಸಿ ತರುವುದೇ ಸರಳ.

ಪ್ರಶ್ನೆ: ಡಿಫರೆನ್ಷಿಯಲ್ (ಶಾಫ್ಟಿನ ತಿರುಗುವಿಕೆಯನ್ನು ಚಕ್ರಗಳಿಗೆ ಹಂಚುವ ಗೇರುಗಳ ಪೆಟ್ಟಿಗೆ) ಬದಲಿಸಬೇಕೇ?

ಯಾವಾಗಲೂ ಬೇಕಿಲ್ಲ, ಆದರೆ ಲೆಕ್ಕ ಹಾಕಿ ನೋಡಬೇಕು. ನಿಂತಲ್ಲಿಂದ ಹೊರಡುವಾಗ ಟಾರ್ಕ್ ಕನ್ವರ್ಟರ್ ಎಂಜಿನ್ನಿನ ತಿರುಗುಬಲವನ್ನು ಸುಮಾರು ಎರಡು ಪಟ್ಟು ಮಾಡಿ ಕೊಡುತ್ತಿತ್ತು. ಆ ನೆರವು ಈಗಿಲ್ಲ. ಆದ್ದರಿಂದ ಮೊದಲ ಗೇರಿನ ಪ್ರಮಾಣ ಚೆನ್ನಾಗಿರಬೇಕು. ಹೆದ್ದಾರಿಯ ಲೆಕ್ಕ ಹೀಗೆ: ಡಿಫರೆನ್ಷಿಯಲ್ ಪ್ರಮಾಣ 3.69 ಇದ್ದು (ಶಾಫ್ಟ್ 3.69 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು), ಟೈರು ಒಂದು ಸುತ್ತಿಗೆ 1.95 ಮೀಟರ್ ಹೋಗುವುದಾದರೆ, ಗಂಟೆಗೆ 80 ಕಿ.ಮೀ. ವೇಗದಲ್ಲಿ ಚಕ್ರ ನಿಮಿಷಕ್ಕೆ 684 ಸುತ್ತು ತಿರುಗುತ್ತದೆ. ನೇರ ಗೇರಿನಲ್ಲಿ ಎಂಜಿನ್ ಸುಮಾರು 2,520 ಸುತ್ತು ತಿರುಗಬೇಕು. ಐದನೆಯ ಗೇರು 0.8 ಇದ್ದರೆ ಅದು 2,020ಕ್ಕೆ ಇಳಿಯುತ್ತದೆ. ಹುಬ್ಬಳ್ಳಿಯಿಂದ ಹಾವೇರಿಗೆ ಹೋಗುವಾಗ ಈ 500 ಸುತ್ತಿನ ವ್ಯತ್ಯಾಸ ಕಿವಿಗೆ ಚೆನ್ನಾಗಿಯೇ ತಿಳಿಯುತ್ತದೆ.

ಪ್ರೊಪೆಲ್ಲರ್ ಶಾಫ್ಟನ್ನು ಕತ್ತರಿಸಿ ಬೆಸೆಸಿದರೆ ಬ್ಯಾಲೆನ್ಸ್ ಮಾಡಿಸದೆ ಹಾಕಬೇಡಿ. ಎರಡೂ ತುದಿಯ ಕ್ರಾಸ್‌ಗಳು ಒಂದೇ ನೇರಕ್ಕೆ ಇರಬೇಕು.

ಪ್ರಶ್ನೆ: ಮ್ಯಾನುಯಲ್‌ಗೆ ಯಾವ ಎಣ್ಣೆ?

ಕೈಪಿಡಿಯಲ್ಲಿರುವುದೇ. ಹಳೆಯ ಮರ್ಸಿಡಿಸ್ ಮ್ಯಾನುಯಲ್ ಗೇರ್‌ಬಾಕ್ಸಿಗೆ ದಪ್ಪ ಗೇರ್ ಎಣ್ಣೆಯಲ್ಲ, ಆಟೋಮ್ಯಾಟಿಕ್‌ನ ಕೆಂಪು ಎಣ್ಣೆಯನ್ನೇ ಹಾಕಬೇಕು ಎಂದರೆ ಎಷ್ಟೋ ಮಿಸ್ತ್ರಿಗಳು ನಂಬುವುದಿಲ್ಲ. ಗೇರ್ ಎಣ್ಣೆ ಬೇಕಾದ ಕಡೆ ಜಿಎಲ್-4 ದರ್ಜೆ ಕೇಳಿ ಕೊಳ್ಳಿ. ಡಿಫರೆನ್ಷಿಯಲ್‌ಗೆಂದು ಮಾಡಿದ ಜಿಎಲ್-5ರ ಕೆಲವು ಬಗೆಗಳು ಹಿತ್ತಾಳೆಯ ಸಿಂಕ್ರೋ ಉಂಗುರಗಳನ್ನು ತಿನ್ನುತ್ತವೆ.

ಪ್ರಶ್ನೆ: ಆರ್‌ಟಿಒ ಏನನ್ನುತ್ತದೆ?

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸಬಾರದು ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಬಿಗಿಯಾಗಿಯೇ ಓದಿತು. ಆದ್ದರಿಂದ ಎಂಜಿನ್, ಚಾಸಿ, ಇಂಧನಗಳನ್ನು ಮುಟ್ಟಬೇಡಿ, ಮತ್ತು ಕೆಲಸ ಶುರುಮಾಡುವ ಮೊದಲೇ ನಿಮ್ಮ ಕಚೇರಿಗೆ, ಅದು ಧಾರವಾಡದ ಕೆಎ 25 ಇರಲಿ, ಗದಗದ 26, ಹಾವೇರಿಯ 27, ಹುಬ್ಬಳ್ಳಿಯ 63 ಇರಲಿ, ಲಿಖಿತ ಅರ್ಜಿ ಕೊಟ್ಟು ಉತ್ತರ ಪಡೆದುಕೊಳ್ಳಿ. ವಿಮೆಯವರಿಗೂ ಬರೆದು ತಿಳಿಸಬೇಕು. ಬಾಯಿಮಾತು ಅಪಘಾತದ ದಿನ ನೆರವಿಗೆ ಬರುವುದಿಲ್ಲ.

ವಿಂಟೇಜ್ ನೋಂದಣಿಯ ಯೋಚನೆ ಇದ್ದವರು ಇನ್ನೂ ಹುಷಾರಾಗಿರಬೇಕು. 2021ರ ನಿಯಮಗಳ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪದಲ್ಲಿಯೇ ಉಳಿದ, ಚಾಸಿ, ಬಾಡಿ ಅಥವಾ ಎಂಜಿನ್ನಿನಲ್ಲಿ ಮಾರ್ಪಾಡಾಗದ ವಾಹನಗಳಿಗೆ ಮಾತ್ರ ಅದು ಸಿಗುತ್ತದೆ. 1976ರಲ್ಲಿ ಬಿಡುಗಡೆಯಾದ ಡಬ್ಲ್ಯೂ 123 ಕಾರುಗಳು ಆ ವಯಸ್ಸಿಗೆ ಬರುವ ಕಾಲವಿದು. ಲಿವರಿಗಾಗಿ ನಡುವಿನ ಸುರಂಗದ ತಗಡು ಕತ್ತರಿಸಿದರೆ ಅದು ಬಾಡಿಯ ಮಾರ್ಪಾಡೇ ಆಗುತ್ತದೆ.

ಪ್ರಶ್ನೆ: ಮುಂದೆ ಮನಸ್ಸು ಬದಲಾದರೆ ಮತ್ತೆ ಆಟೋಮ್ಯಾಟಿಕ್ ಮಾಡಬಹುದೇ?

ಕತ್ತರಿಸದೆ, ಬೆಸೆಯದೆ, ಎಲ್ಲವನ್ನೂ ಬೋಲ್ಟಿನಿಂದಲೇ ಕೂಡಿಸಿದ್ದರೆ ಮಾಡಬಹುದು. ತೆಗೆದ ಗೇರ್‌ಬಾಕ್ಸಿನ ತೂತುಗಳನ್ನೆಲ್ಲ ಮುಚ್ಚಿ, ಬೋಲ್ಟುಗಳನ್ನು ಹೆಸರು ಬರೆದ ಡಬ್ಬಿಗಳಲ್ಲಿ ಹಾಕಿ, ಕಾರಿನ ಜೊತೆಗೇ ಇಡಿ. ಗುಜರಿಗೆ ತೂಕಕ್ಕೆ ಹಾಕಿದರೆ ಬರುವ ಹಣಕ್ಕಿಂತ, ಕಾರು ಮಾರುವ ದಿನ ಮೂಲ ಗೇರ್‌ಬಾಕ್ಸ್ ಇದೆ ಎಂಬ ಮಾತಿಗೆ ಬೆಲೆ ಹೆಚ್ಚು.

ಪ್ರಶ್ನೆ: ಖರ್ಚು ಮತ್ತು ಸಮಯ?

ಬಿಚ್ಚಿ ಕೂಡಿಸುವುದು ಮೂರ್ನಾಲ್ಕು ದಿನದ ಕೆಲಸ, ಭಾಗಗಳನ್ನು ಹುಡುಕುವುದು ತಿಂಗಳುಗಳದ್ದು. ಗೇರ್‌ಬಾಕ್ಸಿನ ಬೆಲೆಯನ್ನಷ್ಟೇ ಲೆಕ್ಕಕ್ಕೆ ಹಿಡಿದವರ ಅಂದಾಜು ತಪ್ಪುತ್ತದೆ. ಹೊಸ ಕ್ಲಚ್, ಹೊಸ ಸಿಲಿಂಡರುಗಳು, ಹಿಂದಿನ ಆಯಿಲ್ ಸೀಲು, ಮೌಂಟುಗಳು, ಲೇಥ್ ಮತ್ತು ಬ್ಯಾಲೆನ್ಸಿಂಗ್ ಸೇರಿದರೆ ಅದರಷ್ಟೇ ಮೊತ್ತ ಮತ್ತೊಮ್ಮೆ ಬೇಕಾಗುತ್ತದೆ ಎಂದು ನಾವು ಮೊದಲೇ ಹೇಳಿಬಿಡುತ್ತೇವೆ. ಇವುಗಳಲ್ಲಿ ಹಳೆಯದನ್ನು ಹಾಕಿ ಉಳಿಸಿದ ಹಣ ಗೇರ್‌ಬಾಕ್ಸನ್ನು ಎರಡನೇ ಸಲ ಇಳಿಸುವ ಕೂಲಿಗೆ ಹೋಗುತ್ತದೆ.

ಪ್ರಶ್ನೆ: ಕೆಲಸ ಮುಗಿದ ಮೇಲೆ ಹೇಗೆ ಓಡಿಸಬೇಕು?

ಮೊದಲ 500ರಿಂದ 800 ಕಿ.ಮೀ. ಊರೊಳಗೇ, ಕ್ಲಚ್ಚಿನ ಮೇಲೆ ಕಾಲು ಇಟ್ಟು ನಿಲ್ಲದೆ, ಭಾರ ಹಾಕದೆ ಓಡಿಸಿ. ಸ್ಪೀಡೋಮೀಟರ್ ಸರಿ ಇದೆಯೇ ಎಂಬುದನ್ನು ಗದಗ ರಸ್ತೆಯ ಹತ್ತು ಕಿಲೋಮೀಟರ್ ಕಲ್ಲುಗಳನ್ನು ಎಣಿಸಿ ನೋಡಬಹುದು. ತಪ್ಪಿದ್ದರೆ ಗೇರ್‌ಬಾಕ್ಸಿನಲ್ಲಿರುವ ಕೇಬಲ್ಲಿನ ಸಣ್ಣ ಗೇರು ಬದಲಿಸಬೇಕು. ಪಾರ್ಕ್ ಎಂಬುದು ಈಗ ಇಲ್ಲವಾದ್ದರಿಂದ ಹ್ಯಾಂಡ್‌ಬ್ರೇಕನ್ನು ಹೊಸದಾಗಿ ಬಿಗಿಸಿ, ಇಳಿಜಾರಿನಲ್ಲಿ ಗೇರಿನಲ್ಲಿಟ್ಟೇ ಇಳಿಯುವ ರೂಢಿ ಮಾಡಿಕೊಳ್ಳಿ. ಆಮೇಲೆ ಯಲ್ಲಾಪುರ ದಾಟಿ ಅರಬೈಲ್ ಘಟ್ಟಕ್ಕೆ ಒಮ್ಮೆ ಹೋಗಿ ಬನ್ನಿ. ಇಳಿಯುವಾಗ ಎರಡನೇ ಗೇರು ಕಾರನ್ನು ಹಿಡಿಯುವುದೇ, ಹತ್ತುವಾಗ ಕ್ಲಚ್ ಜಾರುವುದೇ, ಲಿವರ್ ತಾನಾಗಿ ನ್ಯೂಟ್ರಲ್‌ಗೆ ಬರುವುದೇ ಎಂಬ ಮೂರೂ ಅಲ್ಲಿ ಒಂದೇ ದಿನ ತಿಳಿಯುತ್ತವೆ. ಮರಳಿ ಬಂದ ಮೇಲೆ ಅಡ್ಡಪಟ್ಟಿ ಮತ್ತು ಬೆಲ್ ಹೌಸಿಂಗಿನ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿದು, ಕ್ಲಚ್ಚಿನ ಎಣ್ಣೆಯ ಮಟ್ಟ ನೋಡಿ.